ಲಾಂಚು ಕಾಯುತ್ತದೆ, ವಿಮಾನ ಕಾಯುವುದಿಲ್ಲ

ಜರ್ಮನಿಗೆ ಬಂದ ಮೊದಲ ವಾರ, ಟ್ರಾಮಿನ ಚಾಲಕ ನನ್ನ ಮುಖ ನೋಡಿಕೊಂಡೇ ಬಾಗಿಲು ಹಾಕಿ ಹೊರಟುಹೋದ. ನಾನು ಕೈ ಬೀಸುತ್ತ ಓಡಿ ಬರುತ್ತಿದ್ದೆ, ಅವನಿಗೆ ಕಂಡಿತ್ತು. ಇದೆಂಥಾ ಜನ ಮಾರಾಯ್ರೇ! ಸೇತುವೆ ಬರುವ ಮೊದಲು ಸಾಗರದ ಬಸ್ಸು ತಡವಾದರೆ ನಮ್ಮನ್ನು ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚು ದಡದಲ್ಲೇ ಕಾಯುತ್ತಿತ್ತು. ಇಳಿಜಾರಿನಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಹೊರಡುತ್ತಿರಲಿಲ್ಲ. ಹೊಳೆಯಾಚೆ ಹುಟ್ಟಿದ ನಮಗೆ ಪ್ರಯಾಣವೆಂದರೆ ಹಾಗೆ: ಒಂದು ತಡವಾದರೆ ಇನ್ನೊಂದು ಕಾಯುತ್ತದೆ.

ಇಲ್ಲಿನ ಆಸ್ಪತ್ರೆಯಲ್ಲಿ ನನ್ನ ಜೊತೆ ನರ್ಸ್ ಆಗಿರುವವಳು ತೀರ್ಥಹಳ್ಳಿಯ ಸವಿತಾ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು? ಒಟ್ಟಿಗೆ ಬಂದವರು ನಾವು. ಅವಳ ಜರ್ಮನ್ ನೀರು ಹರಿದ ಹಾಗೆ, ನನ್ನದು ಇನ್ನೂ ಮುಗ್ಗರಿಸುತ್ತದೆ. ಅವಳ ಕೋಣೆಗೆ ಬಿಸಿಲು ಬೀಳುತ್ತದೆ, ನನ್ನ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ನನ್ನ ಸ್ವಂತ ತಂಗಿ ಕೂಡ ಫೋನಿನಲ್ಲಿ ಅವಳ ಜೊತೆಯೇ ಹೆಚ್ಚು ನಗುತ್ತಾಳೆ.

ಆ ತಂಗಿಯ ಮದುವೆ ಸಾಗರದಲ್ಲಿ ನಿಶ್ಚಯವಾಯಿತು. ಕಳಸ ಹಿಡಿದು ಮದುಮಗಳ ಪಕ್ಕ ನಿಲ್ಲಬೇಕಾದ ಕಳಸಗಿತ್ತಿ ನಾನೇ, ಇರುವವಳು ಒಬ್ಬಳೇ ಅಕ್ಕ. ಸವಿತಾಳಿಗೂ ಕರೆಯಿತ್ತು. ರಜೆ ಸಿಕ್ಕಿದ್ದೇ ಕಡಿಮೆ. ಮುಹೂರ್ತದ ಹಿಂದಿನ ದಿನ ಬೆಂಗಳೂರಿಗೆ ಇಳಿಯಬೇಕು. ನಡುವೆ ಕೊಲ್ಲಿ ದೇಶದ ನಿಲ್ದಾಣದವರೆಗೆ ಇಬ್ಬರದೂ ಒಂದೇ ವಿಮಾನ. ಅಲ್ಲಿಂದ ಮುಂದಕ್ಕೆ ನಾನು ಅಗ್ಗವೆಂದು ಬೇರೆ ಕಂಪನಿಯಲ್ಲಿ ಬೇರೆ ಟಿಕೆಟ್ ಮಾಡಿಸಹೊರಟೆ.

“ಹಂಗ್ ಮಾಡ್ಬೇಡ ಕಣೇ. ಪೂರ್ತಿ ಒಂದೇ ಟಿಕೆಟ್ ಮಾಡ್ಸು. ಮೊದ್ಲಿಂದು ತಡ ಆಗಿ ಮುಂದಿಂದು ತಪ್ಪಿದ್ರೆ ಅವ್ರೇ ಕಳಿಸ್ಕೊಡ್ಬೇಕು,” ಎಂದಳು ಸವಿತಾ.

ಹೀಗೆ ಒಂದರಿಂದ ಇಳಿದು ಇನ್ನೊಂದನ್ನು ಹಿಡಿಯುವ ಜೋಡಣೆಗೆ ಇಲ್ಲಿಯವರು ಆನ್‌ಶ್ಲುಸ್ ಎನ್ನುತ್ತಾರೆ. ಆ ಪದ ಕಲಿಸಿದವಳೂ ಅವಳೇ. ಅವಳು ಹೇಳಿದಳೆಂದೇ ನಾನು ಕೇಳಲಿಲ್ಲ. ತಡವಾದರೆ ಒಂದು ಮಾತು ಹೇಳಿದರಾಯಿತು, ವಿಮಾನ ನಿಲ್ಲಿಸಿಕೊಳ್ಳುತ್ತಾರೆ ಎಂದುಕೊಂಡೆ.

ವಿಮಾನದಲ್ಲಿ ಏನೋ ಕೆಟ್ಟು, ಹೊರಡುವುದೇ ತಡವಾಯಿತು. ಕಾಯುವಾಗ ಇಬ್ಬರಿಗೂ ಊಟ ಕೊಟ್ಟರು. ಯುರೋಪಿನಿಂದ ಹೊರಡುವ ಪ್ರಯಾಣಿಕರಿಗೆ ಅದು ಹಕ್ಕು. ಕೊಲ್ಲಿಯಲ್ಲಿ ಇಳಿದಾಗ, ಪೂರ್ತಿ ಒಂದೇ ಟಿಕೆಟ್ ಮಾಡಿಸಿದ್ದ ಸವಿತಾಳ ಹೆಸರಿಗೆ ಇನ್ನೊಂದು ವಿಮಾನದ ಸೀಟು ತಯಾರಿತ್ತು. ನನ್ನ ವಿಮಾನ ಹಾರಿಹೋಗಿತ್ತು. ತಂಗಿಯ ಮದುವೆ ಎಂದು ಗೋಗರೆದೆ. ನಿಮ್ಮನ್ನು ಇಲ್ಲಿಯವರೆಗೆ ತಂದೆವು, ಮುಂದಿನ ಟಿಕೆಟ್ ನಮ್ಮದಲ್ಲ ಎಂದರು ಕೌಂಟರಿನವರು. ಅವಳು ಗೇಟಿನತ್ತ ನಡೆಯುವುದನ್ನು ನೋಡುತ್ತ ನಿಂತೆ. ನನಗೆ ಹೊಸ ಸೀಟು ಸಿಕ್ಕಿದ್ದು ಮುಹೂರ್ತ ಮುಗಿದ ಮೇಲಿನ ಹೊತ್ತಿಗೆ.

ದೂರದ ವಿಮಾನ ಹತ್ತುವ ನಮ್ಮ ಕಡೆಯವರಿಗೆ ಇಷ್ಟೇ ಹೇಳುತ್ತೇನೆ: ತಪ್ಪಿಸಬಾರದ ಕೆಲಸವಿದ್ದರೆ ಒಂದೇ ಟಿಕೆಟ್ ಮಾಡಿಸಿ, ಸಾಧ್ಯವಾದರೆ ಒಂದು ದಿನ ಮೊದಲೇ ತಲುಪಿ. ಕಾನೂನು ಟಿಕೆಟ್ಟಿನ ಜೊತೆ ಬರುತ್ತದೆ, ನಮ್ಮ ಕಣ್ಣೀರಿನ ಜೊತೆ ಅಲ್ಲ.

ಮನೆ ಮುಟ್ಟಿದಾಗ ಗಂಡಿನ ಕಡೆಯವರು ಹೊಸನಗರದಿಂದ ಬೀಗರ ಊಟಕ್ಕೆ ಬಂದಿದ್ದರು. ಸವಿತಾ ಸೆರಗು ಸಿಕ್ಕಿಸಿಕೊಂಡು ಬಡಿಸುತ್ತಿದ್ದಳು. ನನ್ನನ್ನು ನೋಡಿ, ದಣಿದು ಬಂದಿದೀಯ ಕೂತ್ಕೋ ಎಂದು ನನ್ನ ಮನೆಯಲ್ಲೇ ನನಗೆ ಎಲೆ ಹಾಕಿದಳು. ಪಕ್ಕದಲ್ಲಿದ್ದ ಬೀಗಿತ್ತಿ ಸವಿತಾಳತ್ತ ಕೈ ತೋರಿಸಿ ಅಮ್ಮನನ್ನು ಕೇಳಿದರು: “ಕಳಸ ಹಿಡಿದಿದ್ದ ಅಕ್ಕ ಅವ್ರಲ್ವಾ? ಇವ್ರು ಯಾರು?”

“ಇವ್ಳಾ? ಇವ್ಳು ಜರ್ಮನೀಲಿರೋ ಮಗಳು,” ಎಂದಳು ಅಮ್ಮ.

ಸವಿತಾಳೂ ಅಲ್ಲಿಂದಲೇ ಬಂದವಳೆಂದು ಯಾರಿಗೂ ನೆನಪಾಗಲಿಲ್ಲ. ನಾನು ಅವಳು ಬಡಿಸಿದ್ದನ್ನು ಉಂಡೆ.