ಹಿತ್ತಿಲಿನ ನೇರಳೆ ಗಂಟೆಗಳು

ಗಡಿಯಾರ ರಿಪೇರಿಯವನನ್ನು ಬೀದಿಯವರೆಲ್ಲ ಮುಳ್ಳಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಗಡಿಯಾರದ ಮುಳ್ಳು ಕಿತ್ತು ಕೂರಿಸಿದ್ದಕ್ಕೆ ಬಂದ ಹೆಸರು ಅದು. ಸ್ವಭಾವದಲ್ಲಿ ಮಾತ್ರ ಅವನು ಶುದ್ಧ ಪುಕ್ಕಲ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗುವವನು. ಮದುವೆಯಾಗದ ಅವನಿಗೆ ಮನೆಯಲ್ಲಿ ಜೊತೆಯೆಂದರೆ ಗಂಡನನ್ನು ಕಳೆದುಕೊಂಡ ಅಕ್ಕ. ಅವಳು ಹೊಲಿಗೆಯವಳು, ಯಾವುದಕ್ಕೂ ಜಗ್ಗದ ಹೆಂಗಸು.

ಚಳಿ ಮುಗಿಯುವ ಹೊತ್ತಿಗೆ ಇಬ್ಬರೂ ಹೊಸ ಬಾಡಿಗೆ ಮನೆಗೆ ಬಂದರು. ಹಿಂದೆ ಇದ್ದವರು ಹಿತ್ತಿಲಲ್ಲಿ ಏನೇನೋ ನೆಟ್ಟು ಹೋಗಿದ್ದರು. ಬಿಸಿಲು ಏರಿದಂತೆ ಒಂದೊಂದೇ ತಲೆಯೆತ್ತಿತು. ಗೋಡೆಯ ಬುಡದಲ್ಲಿ ಎದೆಮಟ್ಟದ ದಂಟು, ಅದರ ಒಂದೇ ಮಗ್ಗುಲಿಗೆ ಸಾಲಾಗಿ ಜೋತುಬಿದ್ದ ನೇರಳೆ ಗಂಟೆಯಂಥ ಹೂವು. ಅದು ಯಾವುದೆಂದು ಇಬ್ಬರಿಗೂ ತಿಳಿಯದು. ಮುಟ್ಟಬೇಡವೆಂದು ಅವನು ಹೇಳಿದಾಗ ಅಕ್ಕ, ನಿನಗೆ ನಿನ್ನ ನೆರಳು ಕಂಡರೂ ಭಯ ಎಂದು ನಕ್ಕುಬಿಟ್ಟಳು.

ಹೂವನ್ನು ಅವಳೂ ಮುಟ್ಟಲಿಲ್ಲ. ಆದರೆ ಬಾವಿಕಟ್ಟೆಯ ಪಕ್ಕ ನೆಲಕ್ಕಂಟಿ ಬೆಳೆದಿದ್ದ ಮೆತ್ತನೆಯ ಎಲೆಗಳನ್ನು ಸೊಪ್ಪೆಂದು ತಿಳಿದು ಒಂದು ಬೆಳಿಗ್ಗೆ ಬೇಯಿಸಿ ತಿಂದಳು. ಮಧ್ಯಾಹ್ನ ಉಳಿದದ್ದನ್ನೂ ಮುಗಿಸಿದಳು.

ಸಂಜೆ ಅವನು ಅಂಗಡಿ ಮುಚ್ಚಿ ಬಂದಾಗ ಅಕ್ಕ ಬಚ್ಚಲ ಬಾಗಿಲಿಗೆ ಒರಗಿ ಕೂತಿದ್ದಳು. ನಾಲ್ಕು ಸಲ ವಾಂತಿಯಾಗಿತ್ತು.

"ಪರದೆ ಯಾಕೋ ಇಷ್ಟು ಹಳದಿಯಾಗಿದೆ?" ಎಂದಳು.

ಪರದೆ ಬೆಳ್ಳಗೇ ಇತ್ತು. ಅವಳ ಮಣಿಕಟ್ಟು ಹಿಡಿದು ತನ್ನ ವಾಚು ನೋಡಿದ. ನಾಡಿ ನಿಮಿಷಕ್ಕೆ ಬರೀ ಮೂವತ್ತೆಂಟು. ವಾಚೇ ಕೆಟ್ಟಿರಲಿ ಎಂದು ಜೀವಮಾನದಲ್ಲಿ ಮೊದಲ ಬಾರಿ ಬಯಸಿದ. ಮತ್ತೆ ಎಣಿಸಿದ. ಅಷ್ಟೇ.

ಆಸ್ಪತ್ರೆಗೆ ಫೋನು ಮಾಡಿದಾಗ ಡಾಕ್ಟರಮ್ಮ ಏನು ತಿಂದರೆಂದು ಕೇಳಿದಳು. ಹಿತ್ತಿಲ ಸೊಪ್ಪು ಎಂದ.

"ಯಾವ ಗಿಡ?"

"ಗೊತ್ತಿಲ್ಲ ಡಾಕ್ಟ್ರೆ."

"ಆಂಬುಲೆನ್ಸ್ ಹೊರಟಿದೆ. ಅದು ಬರೋವರೆಗೆ ಗಿಡ ನೋಡಿ ಹೇಳ್ತಾ ಇರಿ. ಫೋನ್ ಇಡಬೇಡಿ."

ಅವನು ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಹಾಕಿಕೊಂಡು ಹಿತ್ತಿಲಿಗೆ ಓಡಿದ. ಎಲೆಯ ಹಿಂಬದಿ ಬೂದು ಬಣ್ಣ, ತುಂಬ ನವಿರು ರೋಮ, ಅಂಚಿನಲ್ಲಿ ಸಣ್ಣ ಹಲ್ಲು. ಹೂವಿಲ್ಲ. ಇಂಥದೇ ಎಲೆಯಿರುವ ಬೇರೆ ಗಿಡ ಅಲ್ಲೇ ಇದೆಯೇ ನೋಡಿ ಎಂದಳು ಡಾಕ್ಟರಮ್ಮ. ಎಲೆ ಹಿಡಿದು ಗಿಡದಿಂದ ಗಿಡಕ್ಕೆ ಹೋದ. ಎಲ್ಲೂ ಹೊಂದಲಿಲ್ಲ. ಗೋಡೆಯ ಬಳಿ ಬಂದು ಗಂಟೆ ಹೂವಿನ ಬುಡದೆಲೆಯ ಪಕ್ಕ ಅದನ್ನಿಟ್ಟ. ರೋಮ, ಹಲ್ಲು, ನರ, ಎಲ್ಲ ಒಂದೇ ಅಚ್ಚು. ಒಂದು ಹೂವನ್ನು ಸೀಳಿ, ನೇರಳೆ ಗಂಟೆಯಂಥ ಹೂವು, ಒಳಗೆ ಕಪ್ಪು ಚುಕ್ಕೆಗಳಿವೆ, ಪ್ರತಿ ಚುಕ್ಕೆಗೂ ಬಿಳಿ ಬಳೆಯಿದೆ ಎಂದ.

ಡಾಕ್ಟರಮ್ಮನಿಗೆ ಈಗ ಗಿಡ ಗೊತ್ತಾಯಿತು.

"ಅವರು ತಿಂದದ್ದು ಇದರದೇ ಹೂ ಬಿಡದ ಎಳೆ ಗಿಡ. ಹೃದಯದ ಒಂದು ಔಷಧಿ ಈ ಜಾತಿ ಗಿಡದಿಂದಲೇ ಬರೋದು," ಎಂದಳು ಆಕೆ. "ಹೆಚ್ಚಾದ್ರೆ ಕಣ್ಣಿಗೆ ಎಲ್ಲಾ ಹಳದಿ ಕಾಣುತ್ತೆ, ನಾಡಿ ಇಳಿದು ಹೃದಯ ನಿಂತುಹೋಗುತ್ತೆ. ಈ ವಿಷಕ್ಕೆ ಅಂತಲೇ ಒಂದು ಮದ್ದಿದೆ, ಈಗಲೇ ತರಿಸ್ತೀನಿ. ಅವರನ್ನ ಅಲುಗಾಡಿಸಬೇಡಿ."

ಒಳಗೆ ಬಂದಾಗ ಅಕ್ಕ ಏನಂತೆ ಎಂದು ಕೇಳಿದಳು.

"ಏನಿಲ್ಲ ಅಕ್ಕ. ಅಜೀರ್ಣವಂತೆ."

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅಕ್ಕ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಅವನು ಭಯ ಕಂಡಿದ್ದು ಅದೇ ಮೊದಲು. ಅವನ ತೋಳು ಹಿಡಿದುಕೊಂಡಳು, ಗಾಡಿ ಬರುವವರೆಗೂ ಬಿಡಲಿಲ್ಲ.

ಬೇರೆ ಆಸ್ಪತ್ರೆಯಿಂದ ಮದ್ದು ಬರಲು ಎರಡು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಅವನು ಅಕ್ಕನ ಹಾಸಿಗೆಯ ಪಕ್ಕ, ಎದೆಬಡಿತದ ಗೆರೆ ಕುಣಿಯುವ ಯಂತ್ರದ ಪರದೆಯ ಮುಂದೆ ಕೂತ. ಒಮ್ಮೆ ಗೆರೆ ನೆಟ್ಟಗಾಗಿ, ಮತ್ತೆ ಏರುವಷ್ಟರಲ್ಲಿ ಅವನ ಜೀವವೇ ಹೋಗಿ ಬಂದಂತಾಯಿತು. ಗಿಡ ಯಾವುದೆಂದು ತಿಳಿಯದಿದ್ದರೆ ಮದ್ದು ತರಿಸುವುದು ಇನ್ನೂ ತಡವಾಗುತ್ತಿತ್ತು ಎಂದು ಡಾಕ್ಟರಮ್ಮ ಆಮೇಲೆ ಹೇಳಿದಳು. ಆರನೆಯ ದಿನ ಅಕ್ಕ ಮನೆಗೆ ಬಂದಳು, ಅರ್ಧಕ್ಕರ್ಧ ಇಳಿದುಹೋಗಿ.

ಮುಳ್ಳಣ್ಣ ಕೈಗವಸು ಹಾಕಿ ಆ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತ. ನರ್ಸರಿಯವನನ್ನು ಕರೆತಂದು ಉಳಿದ ಹೂಗಳನ್ನೂ ತೋರಿಸಿದ. ಹನ್ನೊಂದು ಹೂಗಳಿಗೆ ಹೆಸರು ಸಿಕ್ಕಿತು. ಬಾಗಿಲ ಬಳಿಯ ಒಂದು ಸಣ್ಣ ನೀಲಿ ಹೂವಿಗೆ ಮಾತ್ರ ನರ್ಸರಿಯವನೂ ಗೊತ್ತಿಲ್ಲವೆಂದು ತಲೆಯಾಡಿಸಿಬಿಟ್ಟ. ಅದನ್ನು ಕಿತ್ತರೂ ಪ್ರತಿ ವಾರ ಇನ್ನೆಲ್ಲೋ ಮೊಳೆಯುತ್ತದೆ. ಒಗೆದ ಬಟ್ಟೆಯನ್ನು ಹಗ್ಗದಿಂದ ತೆಗೆಯುವಾಗ ಈಗ ಅಕ್ಕನೇ, ಅದರ ಬೀಜ ಅಂಟಿದೆಯೇನೋ ಎಂದು, ಪ್ರತಿಯೊಂದನ್ನೂ ಎರಡೆರಡು ಸಲ ಕೊಡವಿ ಒಳಗೆ ತರುತ್ತಾಳೆ.