ಹೆಂಚಿನ ಕಾರ್ಖಾನೆಯಲ್ಲಿ ನನ್ನ ಗೊರಕೆ

1971ರಲ್ಲಿ, ಏಳನೇ ಕ್ಲಾಸಿಗೆ, ನಾನು ಶಾಲೆ ಬಿಟ್ಟೆ. ಮನೆಗೆ ದುಡಿಯುವ ಕೈ ಬೇಕಿತ್ತು. ಬೋಳಾರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಹೊತ್ತು, ಹತ್ತು ವರ್ಷಕ್ಕೆ ಹೆಂಚು ಒತ್ತುವ ಪ್ರೆಸ್ಸಿನ ಮುಂದೆ ನಿಂತೆ. ಅಚ್ಚು ಬೀಳುವ ಮೊದಲು ಕೈ ಹಿಂದೆ ಬರಬೇಕು, ಇಲ್ಲದಿದ್ದರೆ ಬೆರಳು ಹೋಯಿತು. ಆ ಕೆಲಸದ ವಿದ್ಯೆ ಅಷ್ಟೇ, ಆದರೆ ಅದಕ್ಕೆ ಎಚ್ಚರ ಬೇಕು.

ನನಗೆ ಎಚ್ಚರವೇ ಇರುತ್ತಿರಲಿಲ್ಲ. ಗೊರಕೆಯಿಂದಾಗಿ ಎಷ್ಟು ಮಲಗಿದರೂ ಬೆಳಿಗ್ಗೆ ಯಾರೋ ಹೊಡೆದು ಹಾಕಿದ ಹಾಗೆ ಮೈ. ಮಧ್ಯಾಹ್ನ ಗಂಜಿ ಉಂಡು ಎಲ್ಲರೂ ಶೆಡ್ಡಿನಲ್ಲಿ ಅಡ್ಡಾಗುತ್ತಿದ್ದೆವು. ಒಂದು ದಿನ ನಾನು ಗೊರಕೆ ಹೊಡೆಯುತ್ತಿದ್ದಾಗ ಒಬ್ಬ ಹಸಿಮಣ್ಣಿನ ಉಂಡೆಯನ್ನು ನನ್ನ ಬಾಯಿಗೆ ತುರುಕಿದ. ಉಸಿರು ಕಟ್ಟಿ ಎದ್ದೆ.

"ಎಂತ ಮಾಡುವುದು ಮಾರಾಯ, ಸೈರನ್ ನಿಲ್ಲಿಸ್ಬೇಕಿತ್ತು" ಅಂದ. ಎಲ್ಲರೂ ನಕ್ಕರು. ಆ ಸಿಟ್ಟು ಇನ್ನೂ ಹೋಗಿಲ್ಲ. ಹೋಗುವುದೂ ಬೇಡ.

ಅದೇ ವಾರ ಪ್ರೆಸ್ಸಿನ ಮುಂದೆ ತೂಕಡಿಸಿದೆ. ಮೇಸ್ತ್ರಿ ನೋಡಿದ. "ಕುಡಿದು ಬಂದಿದ್ದೀಯಾ? ನಾಳೆಯಿಂದ ಮಣ್ಣು ಹೊರು."

ನಾನು ಕಳ್ಳು ಮುಟ್ಟಿದವನಲ್ಲ. ಆದರೂ ಹಳೆಯ ಬುಟ್ಟಿ ತಲೆಗೆ ಬಂತು.

ನೆರೆಮನೆಯ ಬಾಯಮ್ಮ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅವರ ಹತ್ತಿರ ಹೋಗಿ ಗೊರಕೆಯ ವಿಷಯ ಹೇಳಿದೆ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರು. "ಗಂಟಲು ಸಡಿಲ ಉಂಟು. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಂದೆ ಎಳಿ, ಇಪ್ಪತ್ತು ಸಲ. ಕೆನ್ನೆ ಉಬ್ಬಿಸಿ ಹಿಡಿ. ಮತ್ತೆ ಬಾಯಿ ದೊಡ್ಡ ಮಾಡಿ ಆ, ಈ, ಊ, ಓ ಹೇಳು. ದಿನಾ. ಒಂದೇ ವಾರಕ್ಕೆ ಬಿಟ್ಟರೆ ನನ್ನ ಹತ್ತಿರ ಬರಬೇಡ."

ಮನೆಯಲ್ಲಿ ಜಾಗ ಇರಲಿಲ್ಲ. ಬೆಳಿಗ್ಗೆ ಹೊಳೆಬದಿಯಲ್ಲಿ ನಿಂತು ಕೂಗುತ್ತಿದ್ದೆ. ಕೆಲಸಕ್ಕೆ ಹೋಗುವವರು ಕೇಳಿಸಿಕೊಂಡರು. ಅವರಲ್ಲೊಬ್ಬ ಅಂದ:

"ಹೋ, ಏಳನೆಯಿಂದ ಒಂದನೇ ಕ್ಲಾಸಿಗೆ ಇಳಿದನಾ?"

"ನಿನ್ನ ಅಪ್ಪನನ್ನೂ ಕಳಿಸು, ಬೆಂಚು ಖಾಲಿ ಉಂಟು" ಅಂದೆ. ಅವತ್ತು ಇಪ್ಪತ್ತರ ಬದಲು ನಲವತ್ತು ಸಲ ಮಾಡಿದೆ.

ನಾಲ್ಕು ತಿಂಗಳಾಯಿತು. ಒಂದು ಬೆಳಿಗ್ಗೆ ಹೆಂಡತಿ, "ಶಬ್ದವೇ ಇಲ್ಲ, ಸತ್ತಿರೋ ಅಂತ ಮೂಗಿಗೆ ಕೈ ಹಿಡಿದು ನೋಡಿದೆ" ಅಂದಳು. ಹಗಲು ತೂಕಡಿಕೆಯೂ ನಿಂತಿತ್ತು.

ಮೇಸ್ತ್ರಿಯ ಹತ್ತಿರ ಹೋದೆ. "ಈ ವಾರ ಮಧ್ಯಾಹ್ನ ನಾನು ಮಲಗುವಾಗ ಪಕ್ಕದಲ್ಲೇ ಕೂತು ಕೇಳಿ. ಆಮೇಲೆ ಮಾತಾಡಿ."

ಮೂರು ಮಧ್ಯಾಹ್ನ ಬೀಡಿ ಸೇದುತ್ತಾ ಕೂತ. ನಾಲ್ಕನೇ ದಿನ "ಪ್ರೆಸ್ಸಿಗೆ ಹೋಗು" ಅಂದ. ಕುಡಿದಿದ್ದಿ ಅಂದದ್ದು ತಪ್ಪಾಯಿತು ಅಂತ ಅವನ ಬಾಯಲ್ಲಿ ಬರಲೇ ಇಲ್ಲ. ನಾನೂ ಅವನಿಗೆ ಮತ್ತೆ ನಮಸ್ಕಾರ ಹೇಳಲಿಲ್ಲ.

ಕೊನೆಯವರೆಗೂ ಪ್ರೆಸ್ಸಿನಲ್ಲೇ ದುಡಿದೆ. ಈಗ ನನಗೆ ಇರುವುದು ಹೆಂಡತಿ ಒಬ್ಬಳು, ಮನೆ ಒಂದು, ಹಲ್ಲು ಹತ್ತೊಂಬತ್ತು, ಕೈಬೆರಳು ಹತ್ತು.