ನೆಡ್ರಾಳ ಹನ್ನೆರಡು ಪುಸ್ತಕಗಳು

ಗಡಗಡ, ಒಂದು ಕ್ಷಣ ಬಿಟ್ಟು ಮತ್ತೆ ಗಡಗಡ. ದನಗಳು ದಾಟದಿರಲೆಂದು ರಸ್ತೆಗೆ ಅಡ್ಡಲಾಗಿ ಹೊಂಡ ತೋಡಿ ಅದರ ಮೇಲೆ ಕಬ್ಬಿಣದ ಕೊಳವೆಗಳನ್ನು ಹಾಸಿದ್ದಾರೆ. ಅವುಗಳ ಮೇಲೆ ಮೊದಲು ಮುಂದಿನ ಗಾಲಿ, ಆಮೇಲೆ ಹಿಂದಿನ ಗಾಲಿ ಹಾಯುವ ಸದ್ದು ಅದು. ನೆಡ್ರಾ ಟಿಲ್ಟನ್‌ಳ ಮನೆ ಅಲ್ಲಿಂದ ನೂರು ಹೆಜ್ಜೆ. ಸದ್ದು ಕೇಳಿದರೆ ಸಾಕು, ಹೋದದ್ದು ಯಾರೆಂದು ಅವಳು ಹೇಳುತ್ತಾಳೆ. ಡೆಲ್ಬರ್ಟ್ ಯೋಕಮ್‌ನ ಪಿಕಪ್ ಆದರೆ ಹಿಂದಿನ ಸಡಿಲ ಬಾಗಿಲೂ ಜೊತೆಗೆ ಒದರುತ್ತದೆ. ಹುಲ್ಲಿನ ಲಾರಿ ಆದರೆ ಅಡುಗೆಮನೆಯ ಗಾಜು ನಡುಗುತ್ತದೆ. ಬಾಡಿಗೆ ಕಾರುಗಳದ್ದು ಹಗುರ, ಅವಸರದ ಸದ್ದು.

ಆ ಆಗಸ್ಟ್ ಬೆಳಿಗ್ಗೆ ಎಂಟೂ ಹತ್ತಕ್ಕೆ ಅಂಥದೊಂದು ಹಗುರ ಸದ್ದು ದಕ್ಷಿಣಕ್ಕೆ ಹೋಯಿತು. ನಮ್ಮೂರು ಹಾರ್ನರ್ ವೆಲ್ಸ್‌ನಿಂದ ದಕ್ಷಿಣಕ್ಕೆ ಇರುವುದು ಒಂದೇ ರಸ್ತೆ. ಅರವತ್ತು ಮೈಲಿ ಹೋಗಿ ಅದು ಒಬ್ಬರ ಅಂಗಳದಲ್ಲಿ ಮುಗಿಯುತ್ತದೆ. ಹೋದವರು ಅದೇ ಕೊಳವೆಗಳ ಮೇಲೆಯೇ ಮರಳಿ ಬರಬೇಕು. ಹನ್ನೆರಡಕ್ಕೆ ಬರುತ್ತೇವೆ ಎಂದಿದ್ದವರು ಒಂದಾದರೂ ಬರಲಿಲ್ಲ. ಹೊರಗೆ ನೂರೊಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಅವರಿಗಾಗಿ ಮಾಡಿದ್ದ ಏಪ್ರಿಕಾಟ್ ಪೈ ಮೇಜಿನ ಮೇಲೆ ತಣ್ಣಗಾಗಿತ್ತು. ನೆಡ್ರಾ ಕಿಟಕಿಯ ಬಳಿ ನಿಂತು ಬರದ ಸದ್ದನ್ನು ಕೇಳುತ್ತಿದ್ದಳು.

ಹೋದವರು ವಾಲೆಸ್ ಮತ್ತು ಐರಿಸ್ ಗ್ರೂಬರ್, ಪೆನ್ಸಿಲ್ವೇನಿಯಾದ ಗಂಡಹೆಂಡತಿ. ಇಬ್ಬರಿಗೂ ಎಪ್ಪತ್ತು ದಾಟಿದೆ. ಮೋಟೆಲಿನವರು ಅಂಚೆಯಲ್ಲಿ ಕಳಿಸಿದ ಪಟ್ಟಿ ನೋಡಿ, ಬರುವ ಮೊದಲೇ ಪತ್ರ ಬರೆದಿದ್ದರು: "ನಿಮ್ಮ ಪಟ್ಟಿಯ ಹನ್ನೆರಡು ಪುಸ್ತಕಗಳನ್ನೂ ಓದಿ ಮುಗಿಸಿದೆವು." ನೆಡ್ರಾ ಆ ಪತ್ರವನ್ನು ಮೂರು ದಿನ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ತಿರುಗಿದಳು. ಹನ್ನೆರಡನ್ನೂ ಓದಿದವರು ನಮ್ಮೂರಲ್ಲೇ ಯಾರೂ ಇರಲಿಲ್ಲ.

ನೆಡ್ರಾ ಇಪ್ಪತ್ತಾರು ವರ್ಷ ಇಲ್ಲಿನ ಶಾಲೆಯಲ್ಲಿ ಅಡುಗೆ ಮಾಡಿದವಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದಾಗ ಅಲ್ಲಿನ ಪುಸ್ತಕಗಳನ್ನು ಕಸಕ್ಕೆ ಹಾಕುವುದನ್ನು ನೋಡಲಾರದೆ, ಹಾಲಿನ ಕ್ರೇಟುಗಳಲ್ಲಿ ತುಂಬಿ ತನ್ನ ಮನೆಯ ಪಕ್ಕದ ಹಳೆಯ ಅಂಚೆ ಕಚೇರಿಗೆ ಹೊತ್ತು ತಂದಳು. ಗ್ರಂಥಾಲಯ ಆದದ್ದು ಹಾಗೆ. 'ಇಲ್ಲಿಗೆ ಬರುವ ಮೊದಲು ಓದಿ' ಎಂಬ ಪಟ್ಟಿ ಆದದ್ದು ಆಮೇಲೆ, ಒಂದೊಂದೇ ಅವಘಡದಿಂದ. ಪ್ರವಾಸಿಗರು ಗೇಟು ತೆರೆದಿಟ್ಟು ಹೋಗಿ ಡೆಲ್ಬರ್ಟ್‌ನ ಮೂರು ಹಸುಗಳು ಹೆದ್ದಾರಿಯಲ್ಲಿ ಸತ್ತ ವಾರ ಎರಡನೆಯ ಪುಸ್ತಕ ಪಟ್ಟಿಗೆ ಬಂತು. ದನ ಸಾಕುವ ರ‍್ಯಾಂಚಿನ ಹೆಂಗಸೊಬ್ಬಳು ಬರೆದ ಅದರಲ್ಲಿ ಗೇಟಿನ ಬಗ್ಗೆಯೇ ಒಂದು ಅಧ್ಯಾಯವಿದೆ. ಕೆಟ್ಟ ಕಾರು ಬಿಟ್ಟು ನಡೆದು ಹೊರಟವನೊಬ್ಬ ಎರಡು ದಿನದ ಮೇಲೆ ಸಿಕ್ಕಾಗ ನಾಲ್ಕನೆಯದು ಬಂತು, ರಸ್ತೆ ಸಮ ಮಾಡುವ ಯಂತ್ರ ಓಡಿಸಿದವನು ಬರೆದದ್ದು: ಕಾರು ಬಿಡಬೇಡಿ, ನೆರಳಲ್ಲಿ ಕೂರಿ, ಕಾಯಿರಿ. "ಇಲ್ಲಿ ಮನುಷ್ಯರು ಇದ್ದಾರಾ?" ಎಂದು ಯಾರೋ ಕೆಫೆಯಲ್ಲಿ ನಮ್ಮ ಎದುರಿಗೇ ಕೇಳಿದ ದಿನ ಏಳನೆಯದು ಬಂತು, ಕಲ್ಲಿನ ಶಾಲೆಯ ಮೇಡಂ ಒಬ್ಬಳ ದಿನಚರಿ. ಒಂಬತ್ತನೆಯದು ಎಲಿಸ್ ಪ್ರೌಟಿ ಎಂಬ ಮುದಿ ದನಗಾಹಿ ಬರೆದದ್ದು. ಯಾವ ಬೆಟ್ಟದ ಬುಡದಲ್ಲಿ ಯಾವ ಊಟೆ, ಯಾವ ವಿಲೋ ಮರದ ಕೆಳಗೆ ಎಂಥ ಸಿಹಿನೀರು ಎಂಬುದೇ ಅದರ ತುಂಬ. ಅದರ ಹಿಂದೆ ಮಾತ್ರ ಅವಘಡವಿಲ್ಲ. ನೆಡ್ರಾಗೆ ಆ ಪುಸ್ತಕ ಇಷ್ಟ, ಅಷ್ಟೇ.

ಗ್ರೂಬರ್ ದಂಪತಿಗೆ ಏಳನೆಯ ಪುಸ್ತಕದ ಕಲ್ಲಿನ ಶಾಲೆ ನೋಡಬೇಕಿತ್ತು. ನೆಡ್ರಾ ಪಟ್ಟಿಯ ಹಿಂಬದಿಗೆ ತನ್ನ ದುಂಡು ಅಕ್ಷರಗಳಲ್ಲಿ ದಾರಿ ಬರೆದುಕೊಟ್ಟಿದ್ದಳು.

ಒಂದೂಕಾಲಕ್ಕೆ ಅವಳು ಕೆಫೆಗೆ ನಡೆದಳು. ಡೆಲ್ಬರ್ಟ್ ಟೊಪ್ಪಿಯನ್ನು ಪಕ್ಕದ ಕುರ್ಚಿಗೆ ಇಟ್ಟು ಬೀನ್ಸ್ ಸೂಪಿಗೆ ಬ್ರೆಡ್ ಅದ್ದುತ್ತಿದ್ದ.

"ಡೆಲ್ಬರ್ಟ್, ಆ ಪೆನ್ಸಿಲ್ವೇನಿಯಾದವರು ಇನ್ನೂ ಬಂದಿಲ್ಲ."

"ಫೋಟೋ ತೆಗೀತಿರ್ತಾರೆ ಕಣೇ. ಅವರಿಗೆ ಮುಳ್ಳುತಂತಿ ಕಂಡ್ರೂ ಫೋಟೋ ಬೇಕು."

"ಹನ್ನೆರಡಕ್ಕೆ ಬರ್ತೀವಿ ಅಂದಿದ್ರು. ಮಾತಿಗೆ ತಪ್ಪೋ ಜನ ಅಲ್ಲ ಅವರು."

"ಒಂದು ದಿನದ ಪರಿಚಯಕ್ಕೇ ಗೊತ್ತಾಗೋಯ್ತಾ? ಲೈಲ್‌ನ ಮದುವೆಯಾಗೋಕೆ ಆರು ವರ್ಷ ಯೋಚನೆ ಮಾಡಿದವಳು ನೀನು."

"ನೀರು ಎರಡೇ ಬಾಟಲಿ ಇತ್ತು ಡೆಲ್ಬರ್ಟ್. ನಾನು ನೋಡ್ದೆ. ನೋಡಿಯೂ ಏನೂ ಹೇಳ್ಲಿಲ್ಲ. ಅರ್ಧ ಗಂಟೆ ದಾರಿ ತಾನೇ ಅಂದ್ಕೊಂಡೆ."

ಡೆಲ್ಬರ್ಟ್ ಚಮಚ ಕೆಳಗಿಟ್ಟ. ಟೊಪ್ಪಿ ಎತ್ತಿಕೊಂಡ.

ಕೆಫೆಯ ಫೋನಿನಿಂದ ಶೆರಿಫ್ ಕಚೇರಿಗೆ ಹೇಳಿದರು. ಅಲ್ಲಿನವರು ಫೋನನ್ನು ಜೋಡಿಸಿಕೊಟ್ಟದ್ದು ಡೆಪ್ಯುಟಿ ರೇನಾ ಮೆಂಡಿವೆಗೆ. ಒಂದು ಕಾಲಕ್ಕೆ ನೆಡ್ರಾ ಬಡಿಸಿದ ಊಟ ಉಂಡವಳು, ಈಗ ಸೊಂಟಕ್ಕೆ ಪಿಸ್ತೂಲು ಕಟ್ಟುವವಳು. ಅವಳು ಕೌಂಟಿಯ ಉತ್ತರದ ತುದಿಯಲ್ಲಿದ್ದಳು.

"ಎಲ್ಲಿ ತಿರುಗೋಕೆ ಹೇಳಿದ್ರಿ ಮೇಡಂ?"

"ಹದಿನೆಂಟು ಮೈಲಿ ಹೋಗಿ, ಬರ್ಡೆಟ್ ಕೊಟ್ಟಿಗೆ ಹತ್ರ ಎಡಕ್ಕೆ."

"ಸರಿ. ನೀವಿಬ್ಬರೂ ಕಲ್ಲಿನ ಶಾಲೆ ಹತ್ರ ಹೋಗಿ ನೋಡಿ. ನಾನು ಬಂದು ಬರ್ಡೆಟ್ ಹತ್ರ ಸಿಗ್ತೀನಿ."

ಐದು ಗ್ಯಾಲನ್ನಿನ ಎರಡು ಕ್ಯಾನು ನೀರು ಹಾಕಿಕೊಂಡು ಹೊರಟರು. ಡೆಲ್ಬರ್ಟ್ ಬರ್ಡೆಟ್ ಹತ್ತಿರ ಎಡಕ್ಕೆ ತಿರುಗಿದ; ಅವನ ಕೈ ತಾನಾಗಿ ತಿರುಗಿತು. ಏಳು ಮೈಲಿ ಒಳಗೆ ಕಲ್ಲಿನ ಶಾಲೆ ಎಂದಿನಂತೆ ನಿಂತಿತ್ತು, ಚಾವಣಿ ಅರ್ಧ, ಬಾಗಿಲು ಇಲ್ಲ. ಮುಂದಿನ ಧೂಳಿನಲ್ಲಿ ಹಕ್ಕಿಯ ಹೆಜ್ಜೆಗಳಿದ್ದವು. ಗಾಲಿಯ ಗುರುತು ಒಂದೂ ಇರಲಿಲ್ಲ.

"ಇಲ್ಲಿಗೆ ಬಂದೇ ಇಲ್ಲ," ಎಂದ ಡೆಲ್ಬರ್ಟ್. "ಬಿಸಿನೀರಿನ ಬುಗ್ಗೆ ಕಡೆ ಹೋಗಿರ್ಬೇಕು. ಎಲ್ಲರೂ ಅಲ್ಲಿಗೇ ಸಾಯೋದು." ಅಂದ ಮೇಲೆ ಆ ಮಾತು ಆಡಬಾರದಿತ್ತೆಂದು ಅವನಿಗೆ ಅನಿಸಿತು. ಕೆಮ್ಮಿ ಪಿಕಪ್ ತಿರುಗಿಸಿದ.

ಬುಗ್ಗೆಗೆ ಹೋಗಿ ನೋಡಿದರು. ಯಾರೂ ಇಲ್ಲ. ಅಲ್ಲಿ ನಲವತ್ತು ನಿಮಿಷ ಹೋಯಿತು. ತಿರುವಿಗೆ ವಾಪಸಾದಾಗ ಮೂರೂ ಇಪ್ಪತ್ತು. ರೇನಾ ಆಗಷ್ಟೇ ಬಂದು ಬಾನೆಟ್ಟಿನ ಮೇಲೆ ನಕ್ಷೆ ಹರಡಿದ್ದಳು.

"ಮತ್ತೊಂದ್ಸಲ ಹೇಳಿ ಮೇಡಂ. ಬರೆದುಕೊಟ್ಟಿದ್ದು ಅಕ್ಷರ ಅಕ್ಷರ ಏನು?"

"ಹದಿನೆಂಟು ಮೈಲಿ ಆದಮೇಲೆ ಬರ್ಡೆಟ್ ಕೊಟ್ಟಿಗೆ. ಅಲ್ಲಿ ಎಡಕ್ಕೆ."

"ಸರಿಯಾಗೇ ಇದೆ," ಎಂದಳು ರೇನಾ.

"ಇದಕ್ಕಿಂತ ಸರಿಯಾಗಿ ಯಾರು ಹೇಳೋಕಾಗುತ್ತೆ," ಎಂದ ಡೆಲ್ಬರ್ಟ್.

ನೆಡ್ರಾಳ ಮುಖ ಕೆಂಪೇರಿ ಬೆವರು ಬತ್ತಿತ್ತು. ರೇನಾ ನೋಡಿ ಗದರಿಸಿದಳು: "ನೀವು ಬಿಸಿಲಲ್ಲಿ ನಿಂತ್ಕೋಬೇಡಿ. ಹೋಗಿ, ನೆರಳಲ್ಲಿ ಕೂತ್ಕೊಳ್ಳಿ."

ನೆಡ್ರಾ ನೆರಳಿನ ಕಡೆ ತಿರುಗಿದಳು. ಚಿಕ್ಕವಳಿದ್ದಾಗ ಅಪ್ಪ ಹುಲ್ಲಿನ ಲಾರಿಯನ್ನು ಇದೇ ತಿರುವಿನಲ್ಲಿ, ಕೊಟ್ಟಿಗೆಯ ಪೂರ್ವದ ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದ. ಮಧ್ಯಾಹ್ನದ ಮೇಲೆ ಅಲ್ಲಿ ಉದ್ದನೆಯ ನೆರಳು ಬೀಳುತ್ತಿತ್ತು. ಅವಳು ನಾಲ್ಕು ಹೆಜ್ಜೆ ಇಟ್ಟು ನಿಂತಳು. ಎದುರಿಗೆ ಸೇಜ್ ಪೊದೆ. ಅದರಾಚೆ ಸೇಜ್ ಪೊದೆ. ನೆಲದಲ್ಲಿ ಒಡೆದ ಕಾಂಕ್ರೀಟಿನ ಒಂದು ಮೂಲೆ.

"ಡೆಲ್ಬರ್ಟ್," ಎಂದಳು. "ಕೊಟ್ಟಿಗೆ ಎಲ್ಲಿ?"

"ಏನೇ ಕೇಳ್ತಿದೀಯಾ? ಸಿಡಿಲು ಬಡಿದು ಸುಟ್ಟು ಹೋಗಿ ಹದಿನಾಲ್ಕು ವರ್ಷ..." ಅವನೂ ಅಲ್ಲಿಗೇ ನಿಂತ.

ಮೂವರೂ ಆ ಬಯಲನ್ನು ನೋಡುತ್ತ ನಿಂತರು. ಹದಿನಾಲ್ಕು ವರ್ಷದಿಂದ ನಮ್ಮೂರಿನ ಪ್ರತಿಯೊಬ್ಬರೂ ಇಲ್ಲದ ಕೊಟ್ಟಿಗೆಯ ಹತ್ತಿರ ತಿರುಗುತ್ತಿದ್ದೆವು, ಇಲ್ಲದ ಕೊಟ್ಟಿಗೆಯ ಹತ್ತಿರ ಭೇಟಿಯಾಗುತ್ತಿದ್ದೆವು.

"ಮುಂದಿನ ಕೊಟ್ಟಿಗೆ ಯಾವುದು?" ರೇನಾ ನಕ್ಷೆ ಮಡಚುತ್ತ ಕೇಳಿದಳು. "ಹೊಸಬರ ಕಣ್ಣಿಗೆ ಮೊದಲು ಕಾಣೋದು?"

"ಕುರಿ ಕೊಟ್ಟಿಗೆ," ಎಂದ ಡೆಲ್ಬರ್ಟ್. "ಇನ್ನೂ ಹನ್ನೊಂದು ಮೈಲಿ. ಅಲ್ಲಿ ಎಡಕ್ಕೆ ತಿರುಗಿದ್ರೆ..." ಅವನು ಮುಗಿಸುವ ಅಗತ್ಯವಿರಲಿಲ್ಲ. ಅಲ್ಲಿ ಎಡಕ್ಕೆ ತಿರುಗಿದರೆ ಚೌಳು ಕೆರೆ. ಹತ್ತು ದಿನದ ಹಿಂದೆ ಅಲ್ಲಿ ಮಳೆ ಬಿದ್ದಿತ್ತು. ಮೇಲೆ ಬಿಳಿಯ ಹಪ್ಪಳದಂಥ ಒಣ ಪದರ, ಕೆಳಗೆ ಮೊಣಕಾಲುದ್ದ ಕೆಸರು.

ಆ ಹನ್ನೊಂದು ಮೈಲಿಯಲ್ಲಿ ನೆಡ್ರಾಗೆ ಹೊಳೆದ ಇನ್ನೊಂದು ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ. ಚೌಳು ಕೆರೆಯಲ್ಲಿ ನಿಂತರೆ ಒಂದೂವರೆ ಮೈಲಿ ಆಚೆ ವಿಲೋ ಮರಗಳ ಗುಂಪು ಕಾಣುತ್ತದೆ. ಎಲಿಸ್ ಪ್ರೌಟಿ ಒಂಬತ್ತನೆಯ ಪುಸ್ತಕದಲ್ಲಿ ಆರು ಪುಟ ಬರೆದದ್ದು ಆ ಮರಗಳ ಬಗ್ಗೆ, ಅವುಗಳ ಬುಡದ ಊಟೆಯ ಬಗ್ಗೆ. ಆ ಊಟೆ ಬತ್ತಿ ಎಷ್ಟೋ ಕಾಲವಾಯಿತು. ಅದೂ ನಮಗೆಲ್ಲ ಗೊತ್ತು. ಗ್ರೂಬರ್ ದಂಪತಿ ನಾಲ್ಕನೆಯದನ್ನೂ ಓದಿದ್ದರು, ಒಂಬತ್ತನೆಯದನ್ನೂ ಓದಿದ್ದರು. ನಾಲ್ಕನೆಯದನ್ನು ನಂಬಿದ್ದರೆ ಕಾರಿನ ಬಳಿ ಕೂತಿರುತ್ತಾರೆ. ಒಂಬತ್ತನೆಯದನ್ನು ನಂಬಿದ್ದರೆ...

ಕುರಿ ಕೊಟ್ಟಿಗೆಯ ಬಳಿ ಎಡಕ್ಕೆ ತಿರುಗಿದ ಗಾಲಿ ಗುರುತು ಹೊಸದಾಗಿ, ಸ್ಪಷ್ಟವಾಗಿ ಇತ್ತು. ಬಿಳಿಯ ಬಯಲಿನಲ್ಲಿ ಕಾರು ಹೊಟ್ಟೆಯವರೆಗೆ ಹೂತು, ಬಾನೆಟ್ ಬಾಯಿ ತೆರೆದು ನಿಂತಿತ್ತು. ಬಾನೆಟ್ ಎತ್ತಿಡುವುದು ನಾಲ್ಕನೆಯ ಪುಸ್ತಕದ ಮಾತು. ಕಾರಿನ ನೆರಳಿನಲ್ಲಿ ಐರಿಸ್ ಒಬ್ಬಳೇ ಕಾಲು ಚಾಚಿ ಕೂತಿದ್ದಳು. ತುಟಿ ಒಡೆದಿತ್ತು. ರೇನಾ ಬಟ್ಟೆ ಒದ್ದೆ ಮಾಡಿ ಅವಳ ಕುತ್ತಿಗೆಗೆ ಸುತ್ತಿದಳು, ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

"ನೀವು ಹೇಳಿದ ಕೊಟ್ಟಿಗೆ ಹತ್ರಾನೇ ತಿರುಗಿದ್ವಿ," ಎಂದಳು ಐರಿಸ್, ನೆಡ್ರಾಳ ಮುಖ ನೋಡಿ. ಅದರಲ್ಲಿ ಆರೋಪವಿರಲಿಲ್ಲ.

"ವಾಲೆಸ್ ಎಲ್ಲಿ?"

"ಹನ್ನೊಂದಕ್ಕೆ ಹೋದರು. ಬೇಡ ಅಂದೆ, ನಾಲ್ಕನೇ ಪುಸ್ತಕದಲ್ಲಿ ಬೇಡ ಅಂತ ಇದೆ ಅಂದೆ. ಅಲ್ಲಿ ನೀರಿದೆ ಕಣೇ, ಎಲಿಸ್ ಸುಳ್ಳು ಹೇಳೋ ಮನುಷ್ಯ ಅಲ್ಲ ಅಂದರು."

ಹೆಜ್ಜೆ ಗುರುತು ವಿಲೋ ಮರಗಳ ಕಡೆಗೆ ನೇರವಾಗಿ ಹೋಗಿತ್ತು. ರೇನಾ ರೇಡಿಯೊದಲ್ಲಿ ಹೆಲಿಕಾಪ್ಟರಿಗೆ ಹೇಳುತ್ತಿರುವಾಗಲೇ ನೆಡ್ರಾ ಅವಳ ಗಾಡಿಯಲ್ಲಿದ್ದ ನೀರಿನ ಬಾಟಲಿಗಳನ್ನು ಎದೆಗವಚಿ ಹೊರಟಿದ್ದಳು.

"ಅರವತ್ತೆಂಟು ವರ್ಷದವಳು ನೀನು, ಇಲ್ಲೇ ಇರೇ!" ಡೆಲ್ಬರ್ಟ್ ಕೂಗಿದ.

"ನಿಂಗೆ ಎಪ್ಪತ್ತೊಂದು. ನೀನೂ ಇಲ್ಲೇ ಇರು."

ಇಬ್ಬರೂ ಹೋದರು. ಮೊದಲ ಅರ್ಧ ಮೈಲಿ ಹೆಜ್ಜೆಗಳು ಉದ್ದವಾಗಿದ್ದವು. ಆಮೇಲೆ ಗಿಡ್ಡವಾದವು, ಅಡ್ಡಾದಿಡ್ಡಿಯಾದವು. ಒಂದು ಕಡೆ ಅಂಗೈಗಳ ಗುರುತೂ ಇತ್ತು. ನೆಡ್ರಾ ನೆಲ ನೋಡುತ್ತಲೇ ನಡೆದಳು, ತಲೆ ಎತ್ತಲಿಲ್ಲ. ಮುಂದೆ ಏನು ಕಾಣುವುದಿದೆಯೋ ಅದನ್ನು ಡೆಲ್ಬರ್ಟ್ ಮೊದಲು ಕಾಣಲಿ ಎಂದಿರಬೇಕು.

ಕೆರೆಯ ಅಂಚಿಗೆ ಬೇಲಿ. ಬೇಲಿಯಲ್ಲೊಂದು ತಂತಿಯ ಗೇಟು: ಮೂರು ಕೋಲು, ನಾಲ್ಕು ಎಳೆ ಮುಳ್ಳುತಂತಿ, ಕಂಬಕ್ಕೆ ಸಿಕ್ಕಿಸುವ ಒಂದು ತಂತಿ ಕುಣಿಕೆ. ಅದನ್ನು ಬಿಚ್ಚುವುದು ಸುಲಭ; ಮತ್ತೆ ಎಳೆದು ಸಿಕ್ಕಿಸಲು ಡೆಲ್ಬರ್ಟ್‌ನಂಥವನೇ ಭುಜ ಕೊಟ್ಟು ಒತ್ತಬೇಕು. ಗೇಟು ಮುಚ್ಚಿತ್ತು. ಕುಣಿಕೆ ಸರಿಯಾಗಿ ಸಿಕ್ಕಿಸಿತ್ತು, ಎರಡನೆಯ ಪುಸ್ತಕದಲ್ಲಿ ಹೇಳಿದ ಹಾಗೆಯೇ. ಕುಣಿಕೆಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಗೇಟಿನ ಆಚೆ, ಕಂಬದ ಬೊಗಸೆಯಷ್ಟು ನೆರಳಿಗೆ ತಲೆ ಇಟ್ಟು ವಾಲೆಸ್ ಬಿದ್ದಿದ್ದ. ವಿಲೋ ಮರಗಳು ಇನ್ನೂ ಅರ್ಧ ಮೈಲಿ ದೂರ.

"ಉಸಿರಿದೆ," ಎಂದ ಡೆಲ್ಬರ್ಟ್, ಮಂಡಿಯೂರಿ. "ನೆಡ್ರಾ, ಉಸಿರಿದೆ. ನೀರು ಕೊಡು. ಕುಡಿಸ್ಬೇಡ, ಮೊದಲು ಮೈಮೇಲೆ ಹಾಕು."

ಅವಳು ಸುರಿದಳು. ಎರಡೂ ಅಂಗೈ ತಂತಿಯಿಂದ ಸೀಳಿಹೋಗಿದ್ದವು. ವಾಲೆಸ್ ಕಣ್ಣು ತೆರೆದ. ಒಂದು ಬೆರಳು ಮಾತ್ರ ಗೇಟಿನ ಕಡೆ ಎದ್ದಿತು.

"ಮುಚ್ಚಿದೆ," ಎಂದಳು ನೆಡ್ರಾ. "ಸರಿಯಾಗಿ ಮುಚ್ಚಿದೀರಿ." ಹಾಗೆಂದು ಮುಖ ತಿರುಗಿಸಿಕೊಂಡಳು. ಡೆಲ್ಬರ್ಟ್ ಎದ್ದು ಹೋಗಿ ಕುಣಿಕೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಐದೂವರೆಗೆ ಹೆಲಿಕಾಪ್ಟರಿನ ಸದ್ದು ಕೇಳಿತು.

ವಾಲೆಸ್ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಎದ್ದ. ಆ ಒಂಬತ್ತು ದಿನದಲ್ಲಿ ನೆಡ್ರಾ ಮೋಟೆಲು, ಪೆಟ್ರೋಲ್ ಬಂಕು, ಕೆಫೆ, ಎಲ್ಲ ಕಡೆಯಿಂದ ಪಟ್ಟಿಯ ಪ್ರತಿಗಳನ್ನು ವಾಪಸು ತಂದಳು. ಎರಡು ಮೋಟೆಲ್ ಕೋಣೆಗಳಲ್ಲಿ ಮಾತ್ರ ಸಿಗಲಿಲ್ಲ, ಉಳಿದುಕೊಂಡಿದ್ದವರು ಒಯ್ದಿದ್ದರು. ಹತ್ತನೆಯ ದಿನ ಅವಳು ಗ್ರಂಥಾಲಯದ ಮುಂದೆ ಒಂದು ಹಲಗೆಗೆ ಬಿಳಿ ಬಣ್ಣ ಬಳಿಯುತ್ತಿದ್ದಾಗ ಡೆಲ್ಬರ್ಟ್ ಬಂದು ಮೆಟ್ಟಿಲ ಮೇಲೆ ಕೂತ.

"ಏನು ಬರೀತೀಯಾ ಇದರ ಮೇಲೆ? 'ಇಲ್ಲಿ ಕೊಟ್ಟಿಗೆ ಇಲ್ಲ' ಅಂತಾನಾ?"

"ಶಾಲೆಗೆ ದಾರಿ ಅಂತ ಬರೀತೀನಿ, ಬಾಣದ ಗುರುತು ಹಾಕ್ತೀನಿ. ಕಂಬ ನೀನು ಹೂಳ್ಬೇಕು."

"ಹೂಳ್ತೀನಿ ಬಿಡು. ಎಲಿಸ್‌ನ ಪುಸ್ತಕ ಪಟ್ಟಿಯಿಂದ ತೆಗೆದ್ರೆ ಅವನ ಮಗಳು ನಿಂಗೆ ಕೆಫೆಯಲ್ಲಿ ಕಾಫಿ ಹಾಕಲ್ಲ, ನೋಡ್ಕೋ."

"ತೆಗಿಯಲ್ಲ ಕಣೋ. ಅವನು ಬರೆದಾಗ ಅಲ್ಲಿ ನೀರಿತ್ತು, ಅದು ಸುಳ್ಳಲ್ಲ. ಈಗಿಲ್ಲ ಅಂತ ಹೇಳ್ಬೇಕಾಗಿದ್ದು ನಾನು. ಅದಕ್ಕೇ ಆ ಪುಸ್ತಕದ ಮೊದಲನೇ ಪುಟದಲ್ಲಿ, ಅವಳು ಏನೇ ಅಂದ್ಕೊಳ್ಳಲಿ, ನನ್ನ ಕೈಯಾರೆ..."

ಗಡಗಡ ಎಂದಿತು ರಸ್ತೆಯಲ್ಲಿ, ಹಗುರವಾಗಿ, ಒಂದೇ ಸಲ. ಎರಡನೆಯ ಗಡಗಡ ಬರಲಿಲ್ಲ. ಯಾವುದೋ ಬಾಡಿಗೆ ಕಾರು ಮುಂದಿನ ಗಾಲಿಗಳನ್ನಷ್ಟೇ ಆಚೆ ಇಟ್ಟು, ಕೊಳವೆಗಳ ಮೇಲೆಯೇ ನಿಂತಿತ್ತು. ಒಳಗೆ ಯಾರೋ ತಲೆ ಬಗ್ಗಿಸಿ ಕಾಗದವೊಂದನ್ನು ಓದುತ್ತಿದ್ದರು.

"ಕೈಯಾರೆ ಏನು?" ಎಂದ ಡೆಲ್ಬರ್ಟ್.

ನೆಡ್ರಾ ಬಣ್ಣ ತೊಟ್ಟಿಕ್ಕುವ ಕುಂಚವನ್ನು ಹಿಡಿದುಕೊಂಡೇ, ಇನ್ನೊಂದು ಕೈ ಮೇಲೆತ್ತಿ, ಆ ಕಾರಿನ ಕಡೆಗೆ ನಡೆದುಬಿಟ್ಟಳು.